ಕುಮಾರಪರ್ವತ ಏರಿದವರಿಗೆ ಧೌಲಾಧಾರ್ ಎಷ್ಟು ಕಷ್ಟ?

ಪ್ರಶ್ನೆ: ನನಗೆ 54 ವರ್ಷ. ಕುಮಾರಪರ್ವತವನ್ನು ಮೂರು ಸಲ ಏರಿದ್ದೇನೆ. ಅಕ್ಟೋಬರ್‌ನಲ್ಲಿ ಮಗಳ ಜೊತೆ ಹಿಮಾಚಲದ ಧೌಲಾಧಾರ್ ಪರ್ವತಸಾಲಿನ ಬುಡದಲ್ಲಿರುವ ಧರ್ಮಶಾಲೆಗೆ ಹೋಗುವವಳಿದ್ದೇನೆ. ಮೆಕ್ಲಿಯೋಡ್‌ಗಂಜ್‌ನಿಂದ ತ್ರಿಯುಂಡ್‌ಗೆ, ಅಲ್ಲಿಂದ ಇಂದ್ರಹಾರ್ ಪಾಸ್‌ಗೆ (ಪರ್ವತಸಾಲನ್ನು ದಾಟುವ ಕಣಿವೆದಾರಿ) ಎರಡೇ ದಿನಗಳಲ್ಲಿ ಹೋಗಿಬರಬಹುದೆಂದು ಪರಿಚಿತರೊಬ್ಬರು ಹೇಳುತ್ತಾರೆ. ನನ್ನಿಂದ ಸಾಧ್ಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತ್ರಿಯುಂಡ್ ನಿಮಗೆ ಖಂಡಿತ ಸಾಧ್ಯ. ಇಂದ್ರಹಾರ್ ಎರಡು ದಿನಗಳಲ್ಲಿ ದಯವಿಟ್ಟು ಬೇಡ.

ಕುಕ್ಕೆಯಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೋಗುವಾಗ ನೀವು ಒಂದೂವರೆ ಸಾವಿರ ಮೀಟರಿನಷ್ಟು ಮೇಲೇರಿದ್ದೀರಿ. ಗಲ್ಲೂ ದೇವಿಯ ಗುಡಿಯಿಂದ ಸುಮಾರು 2,850 ಮೀಟರ್ ಎತ್ತರದ ತ್ರಿಯುಂಡ್ ಹುಲ್ಲುಗಾವಲಿಗೆ ಇರುವ ಏರು ಅದರ ಅರ್ಧದಷ್ಟು ಮಾತ್ರ. ಓಕ್ ಮತ್ತು ರೋಡೋಡೆಂಡ್ರನ್ ಮರಗಳ ನೆರಳಿನಲ್ಲಿ ಸಾಗುವ ದಾರಿ ಕೊನೆಯ ಒಂದು ಕಿಲೋಮೀಟರಿನ ಕಡಿದಾದ ತಿರುವುಗಳಲ್ಲಷ್ಟೇ ನಿಮ್ಮ ಉಸಿರನ್ನು ಪರೀಕ್ಷಿಸುತ್ತದೆ. ಆದರೆ ಒಂದು ವಿಷಯವನ್ನು ಮರೆಯಬೇಡಿ: ನೀವು ಬ್ಯಾಗು ಇಳಿಸುವ ಮೆಕ್ಲಿಯೋಡ್‌ಗಂಜ್ ಊರೇ ಹೆಚ್ಚುಕಡಿಮೆ ನಮ್ಮ ಕುಮಾರಪರ್ವತದ ತುದಿಯಷ್ಟು ಎತ್ತರದಲ್ಲಿದೆ.

ಇಂದ್ರಹಾರ್‌ನ ಎತ್ತರ 4,342 ಮೀಟರ್. ಅಲ್ಲಿ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ಶೇ 40ರಷ್ಟು ಕಡಿಮೆ. ಸಹ್ಯಾದ್ರಿಯಲ್ಲಿ ಎಷ್ಟೇ ನಡೆದು ಕಾಲು ಗಟ್ಟಿ ಮಾಡಿಕೊಂಡಿದ್ದರೂ ಈ ಕೊರತೆಗೆ ದೇಹ ಹೊಂದಿಕೊಳ್ಳಲು ದಿನಗಳೇ ಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬ ನಿಯಮ ಇರುವುದು ಇದಕ್ಕಾಗಿಯೇ. ಆದ್ದರಿಂದ ಮೆಕ್ಲಿಯೋಡ್‌ಗಂಜ್‌ನಲ್ಲಿ ಒಂದು ಪೂರ್ತಿ ದಿನ ಕಳೆದು, ಆಮೇಲೆ ತ್ರಿಯುಂಡ್, ಲಾಕಾ ಮತ್ತು ಸುಮಾರು 3,500 ಮೀಟರ್ ಎತ್ತರದ ಲಹೇಶ್ ಗುಹೆ, ಈ ಮೂರು ಕಡೆ ಒಂದೊಂದು ರಾತ್ರಿ ತಂಗಿ, ಕೊನೆಯ ಏರನ್ನು ಬೆಳಕು ಹರಿಯುವ ಮೊದಲೇ ಆರಂಭಿಸಿ. ಧೌಲಾಧಾರ್‌ನಲ್ಲಿ ಬೆಳಗ್ಗೆ ಶುಭ್ರವಾಗಿದ್ದ ಆಕಾಶ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದುಬಿಡುವುದು ಸಾಮಾನ್ಯ. ಆ ಬಂಡೆಗಳ ಮೇಲೆ ಮಂಜಿನಲ್ಲಿ ಇಳಿಯುವುದು ಏರುವುದಕ್ಕಿಂತ ಅಪಾಯಕರ. ಎಷ್ಟು ಗಂಟೆಗೆ ಹಿಂದಿರುಗಬೇಕೆಂಬುದನ್ನು ಹೊರಡುವ ಮೊದಲೇ ಮಗಳೊಂದಿಗೆ ನಿಶ್ಚಯಿಸಿಕೊಂಡು, ಪಾಸ್ ಕಣ್ಣೆದುರಿಗೇ ಇದ್ದರೂ ಆ ಹೊತ್ತಿಗೆ ತಿರುಗಿಬಿಡಿ.

ತಲೆನೋವು, ವಾಕರಿಕೆ, ವಿಪರೀತ ಆಯಾಸ ಕಾಣಿಸಿಕೊಂಡರೆ ಮಾತ್ರೆ ನುಂಗಿ ಮುಂದುವರಿಯಬೇಡಿ, ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ ರಾತ್ರಿಯಾದರೂ ಸರಿ, ಜೊತೆಯವರೊಂದಿಗೆ ಕೆಳಗಿಳಿಯಿರಿ. ರಕ್ತದೊತ್ತಡಕ್ಕೆ ಔಷಧ ಸೇವಿಸುತ್ತಿದ್ದರೆ ಹೊರಡುವ ಮುನ್ನ ವೈದ್ಯರನ್ನು ಕಾಣಿ. ಮಾರ್ಗದರ್ಶಿಯಾಗಿ ಗದ್ದಿ ಸಮುದಾಯದವರು ಸಿಕ್ಕರೆ ಬಹಳ ಒಳ್ಳೆಯದು. ಕುರಿಮಂದೆಗಳೊಂದಿಗೆ ಈ ಪಾಸ್‌ಗಳನ್ನು ದಾಟಿ ಚಂಬಾ ಕಡೆಗೆ ಹೋಗಿಬರುವುದು ತಲೆಮಾರುಗಳಿಂದ ಅವರ ಬದುಕೇ ಆಗಿರುವುದರಿಂದ, ಅಲ್ಲಿನ ಮೋಡವನ್ನು ಅವರಷ್ಟು ಬಲ್ಲವರಿಲ್ಲ.

ಪ್ರಶ್ನೆ: ನಮಗೆ ರಜೆ ಸಿಗುವುದು ಜುಲೈನಲ್ಲಿ ಮಾತ್ರ. ಆಗ ತ್ರಿಯುಂಡ್‌ಗೆ ಹೋಗಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಕಾಂಗ್ಡಾ ಕಣಿವೆಯಿಂದ ಗೋಡೆಯಂತೆ ನೇರವಾಗಿ ಎದ್ದಿರುವ ಧೌಲಾಧಾರ್ ಮುಂಗಾರಿನ ಮೋಡಗಳನ್ನು ತಡೆದು ನಿಲ್ಲಿಸುವುದರಿಂದ ಧರ್ಮಶಾಲೆಯಲ್ಲಿ ಆ ತಿಂಗಳು ಮಳೆ ಸುರಿಯುತ್ತಲೇ ಇರುತ್ತದೆ. ಇಳಿಜಾರುಗಳು ಕುಸಿಯುತ್ತವೆ, ಆಡಳಿತವೂ ಚಾರಣವನ್ನು ನಿರ್ಬಂಧಿಸುವುದುಂಟು. ಹಿಮಾಚಲವನ್ನೇ ನೋಡಬೇಕೆಂದಿದ್ದರೆ ಮಳೆನೆರಳಿನ ಸ್ಪಿತಿಯನ್ನು ಪರಿಗಣಿಸಿ. ಆದರೆ ಅಲ್ಲಿನ ಕಾಜಾ ಊರೇ 3,600 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಮೇಲೆ ಹೇಳಿದ ಎಚ್ಚರಿಕೆ ಅಲ್ಲಿ ಮೊದಲ ದಿನದಿಂದಲೇ ಅನ್ವಯಿಸುತ್ತದೆ. ಹೋಗುವ ದಾರಿ ಮಳೆಯ ಪ್ರದೇಶವನ್ನು ಹಾದುಹೋಗುವ ಕಾರಣ ರಸ್ತೆ ಮುಚ್ಚಿದರೆಂದು ಎರಡು ದಿನಗಳನ್ನು ಕೈಯಲ್ಲಿ ಉಳಿಸಿಕೊಂಡೇ ಟಿಕೆಟ್ ಮಾಡಿಸಿ.