ಮನಸ್ಸಿನ ಅಂಚೆ: ಕೌಂಟರಿನಲ್ಲಿ ಕುಳಿತರೆ ಎದೆ ಹೊಡೆದುಕೊಳ್ಳುತ್ತದೆ

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ತಾಲ್ಲೂಕು ಊರೊಂದರ ಬ್ಯಾಂಕಿನಲ್ಲಿ ಕ್ಯಾಷಿಯರ್. ಕಳೆದ ಮಾರ್ಚ್ ಕೊನೆಯ ವಾರ, ಸಾಲು ಬಾಗಿಲು ದಾಟಿ ಹೊರಗೆ ನಿಂತಿದ್ದಾಗ, ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತು. ಉಸಿರು ಕಟ್ಟಿತು, ಬೆರಳು ಜುಮ್ಮೆಂದವು, ಇನ್ನೇನು ಸತ್ತೆ ಅನ್ನಿಸಿತು. ಆ ದಿನ ಲೆಕ್ಕದಲ್ಲಿ 4,500 ರೂಪಾಯಿ ಕಡಿಮೆ ಬಂತು, ಕೈಯಿಂದ ತುಂಬಿದೆ. ಆಮೇಲೆ ಹೀಗೆಯೇ ಏಳೆಂಟು ಸಲ ಆಗಿದೆ. ಮೂರು ಇಸಿಜಿ, ಒಂದು ಎಕೋ, ಥೈರಾಯ್ಡ್ ಪರೀಕ್ಷೆ, ಎಲ್ಲವೂ ಸರಿಯಾಗಿವೆ. ಒಬ್ಬರು ಗ್ಯಾಸ್ ಎಂದರು. ಅಮ್ಮ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಈಗ ಬೆಳಿಗ್ಗೆ ತಿಂಡಿ ತಿನ್ನುವುದಿಲ್ಲ, ಬಾಗಿಲ ಪಕ್ಕದ ಕೌಂಟರೇ ಬೇಕು, ನೀರಿನ ಬಾಟಲಿ ಮತ್ತು ಜೇಬಿನಲ್ಲಿ ಮಾತ್ರೆ ಇಲ್ಲದೆ ಮನೆ ಬಿಡುವುದಿಲ್ಲ. ವಾರಕ್ಕೊಂದು ರಜೆ ಹಾಕುತ್ತಿದ್ದೇನೆ. ಇದು ಹೃದಯದ್ದೋ, ಮನಸ್ಸಿನದೋ? ಕೆಲಸ ಬಿಟ್ಟರೆ ಸರಿಹೋದೀತೆ? ಮನೋವೈದ್ಯರ ಬಳಿ ಹೋದರೆ ಬ್ಯಾಂಕಿಗೆ ಗೊತ್ತಾಗುತ್ತದೆಯೆ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನೀವು ಕಳಿಸಿದ ಮೂರು ಇಸಿಜಿಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದೆ. ಮೂರೂ ಚೆನ್ನಾಗಿವೆ. ನಾಲ್ಕನೆಯದನ್ನು ತೆಗೆಸಬೇಡಿ. (ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು, ನಿಂತರೆ ಬಿಡುವ ನೋವು ಎಂದಾದರೂ ಬಂದರೆ ಆ ಮಾತು ಬೇರೆ. ಆಗ ಆಸ್ಪತ್ರೆಗೆ ಓಡಿ.)

ಕಾಗದ ನೋಡಿ ರೋಗ ನಿರ್ಣಯ ಮಾಡುವುದು ನನ್ನ ಪದ್ಧತಿಯಲ್ಲ. ಆದರೆ ನೀವು ಬರೆದಿರುವುದು ಪ್ಯಾನಿಕ್ ಅಟ್ಯಾಕ್‌ನ ಪಾಠದಂತಿದೆ. ಇದ್ದಕ್ಕಿದ್ದಂತೆ ಏಳುತ್ತದೆ, ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟುತ್ತದೆ, ತಾನಾಗಿಯೇ ಇಳಿಯುತ್ತದೆ. ಜೀವಮಾನದಲ್ಲಿ ಒಮ್ಮೆ ಇದನ್ನು ಅನುಭವಿಸಿ ಮರೆತವರು ಬೇಕಾದಷ್ಟು ಜನರಿದ್ದಾರೆ. ಮತ್ತೆ ಬಂದೀತೆಂಬ ಹೆದರಿಕೆ ಒಂದು ತಿಂಗಳಾದರೂ ಕಾಡಿದಾಗ, ಇಲ್ಲವೇ ಆ ಹೆದರಿಕೆಗೆ ತಕ್ಕಂತೆ ಬದುಕನ್ನೇ ಬದಲಿಸಿಕೊಂಡಾಗ ಮಾತ್ರ ಅದನ್ನು ಕಾಯಿಲೆ ಎನ್ನುತ್ತೇವೆ.

ದಾವಣಗೆರೆಯ ನನ್ನ ಕೊಠಡಿಯಲ್ಲಿ ಗೋಡೆ ಗಡಿಯಾರದ ಕೆಳಗೆ ಕೈಯಿರುವ ಒಂದು ಮರದ ಕುರ್ಚಿ ಇದೆ. ನಿಮ್ಮಂಥವರು ಬಂದರೆ, ಹೃದಯ ಸರಿಯಿದೆ, ಆಸ್ತಮಾ, ಮೂರ್ಛೆರೋಗ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, ಅಲ್ಲಿ ಕೂರಿಸಿ ಒಂದು ನಿಮಿಷ ಬಾಯಿಯಿಂದ ಜೋರುಜೋರಾಗಿ ಉಸಿರಾಡಲು ಹೇಳುತ್ತೇನೆ. ನಾನೂ ಜೊತೆಗೆ ಉಸಿರಾಡುತ್ತೇನೆ. ಈ ವಯಸ್ಸಿನಲ್ಲಿ ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ಒಮ್ಮೆ ಬಸ್ ಕಂಡಕ್ಟರ್ ಒಬ್ಬರು ನಲವತ್ತನೆಯ ಸೆಕೆಂಡಿಗೇ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, “ಇದೇ ಮೇಡಂ, ಇದೇ!” ಎಂದರು. ಎದೆ ಬಡಿತ, ತಲೆ ಸುತ್ತು, ತುಟಿಯ ಸುತ್ತ ಜುಮುಜುಮು, ಎಲ್ಲ ಬಂದಿತ್ತು. ಮರುಕ್ಷಣವೇ ನನ್ನನ್ನು ಅನುಮಾನದಿಂದ ನೋಡಿ, “ನೀವೇನು ಮಾಡಿದಿರಿ?” ಎಂದು ಕೇಳಿದರು. ನಾನೇನೂ ಮಾಡಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿಗೆ ಹೋಗುವ ರಕ್ತನಾಳಗಳು ಸ್ವಲ್ಪ ಕುಗ್ಗುತ್ತವೆ, ಬೆರಳು ಜುಮ್ಮೆನ್ನುತ್ತವೆ. ಎರಡು ಮೂರು ನಿಮಿಷ ಸುಮ್ಮನೆ ಕುಳಿತರು, ಎಲ್ಲ ಇಳಿಯಿತು. ಮನೆಯಲ್ಲಿ ಒಬ್ಬರೇ ಈ ಪ್ರಯೋಗಕ್ಕೆ ಇಳಿಯಬೇಡಿ.

ಎದೆ ಬಡಿತವೇನೋ ನಿಜ, ಅದಕ್ಕೆ ಕೊಟ್ಟ ಅರ್ಥ ಸುಳ್ಳು. ಬಡಿತ ಕಂಡೊಡನೆ ‘ಹಾರ್ಟ್ ಅಟ್ಯಾಕ್’ ಎಂದುಕೊಳ್ಳುತ್ತೀರಿ, ಆ ಹೆದರಿಕೆಗೆ ಬಡಿತ ಇನ್ನಷ್ಟು ಏರುತ್ತದೆ, ಏರಿದ್ದನ್ನು ಕಂಡು ಹೆದರಿಕೆ ಇಮ್ಮಡಿಸುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ ಬಗ್ಗೆ ವಿವರಿಸಿದ್ದು ಈ ಗಾಣವನ್ನೇ. ಇಂದಿನ ಮಾತಿನ ಚಿಕಿತ್ಸೆ ನಿಂತಿರುವುದು ಬಹುಮಟ್ಟಿಗೆ ಅದರ ಮೇಲೆ.

ಇನ್ನು ನಿಮ್ಮ ನೀರಿನ ಬಾಟಲಿ. ಪತ್ರದಲ್ಲಿ ನನಗೆ ಇಸಿಜಿಗಿಂತ ಮುಖ್ಯವಾಗಿ ಕಂಡದ್ದು ಅದು. ಏಳೆಂಟು ಸಲವೂ ನೀವು ಸಾಯಲಿಲ್ಲ. ಆದರೆ ಅದರ ಜಮೆ ನಿಮ್ಮ ಹೃದಯದ ಖಾತೆಗೆ ಬೀಳಲಿಲ್ಲ. ಬಾಟಲಿಯ ಖಾತೆಗೆ, ಬಾಗಿಲ ಖಾತೆಗೆ, ರಜೆಯ ಖಾತೆಗೆ ಬಿತ್ತು. ‘ನೀರು ಕುಡಿದದ್ದಕ್ಕೆ ಬದುಕಿದೆ’ ಎಂದು ಮನಸ್ಸು ಬರೆದುಕೊಂಡಿತು. ಈ ತಪ್ಪು ನಮೂದನ್ನು ತಿದ್ದಬೇಕು, ಅದೂ ಒಂದೊಂದಾಗಿ. ಮೊದಲು ತಿಂಡಿ ತಿನ್ನಿ, ಏಕೆಂದರೆ ಖಾಲಿ ಹೊಟ್ಟೆಯ ಮೇಲೆ ಎರಡು ಲೋಟ ಕಾಫಿ ಬಿದ್ದರೆ ಯಾರ ಕೈಯಾದರೂ ನಡುಗುತ್ತದೆ. ಮುಂದಿನ ವಾರ ಬಾಟಲಿಯನ್ನು ಊಟದ ಚೀಲದಲ್ಲೇ ಬಿಟ್ಟು ಕೌಂಟರಿಗೆ ಬನ್ನಿ. ಅದು ರೂಢಿಯಾದ ಮೇಲೆ ನಡುವಿನ ಕೌಂಟರು. ಬಡಿತ ಶುರುವಾದರೆ ಎದ್ದು ಹೋಗದೆ ಕೈಯಲ್ಲಿರುವ ಕಟ್ಟನ್ನು ಎಣಿಸಿ ಮುಗಿಸಿ. ತಪ್ಪಿದರೆ ಯಂತ್ರಕ್ಕೆ ಹಾಕಿ ಮತ್ತೊಮ್ಮೆ ಎಣಿಸಿ. ತರಬೇತಾದ ಮನಶ್ಶಾಸ್ತ್ರಜ್ಞರ ಜೊತೆ ಇದನ್ನು ಮಾಡಿದರೆ ಸಾಮಾನ್ಯವಾಗಿ ಹತ್ತು ಹನ್ನೆರಡು ಭೇಟಿ ಸಾಕು.

ಜೇಬಿನಲ್ಲಿರುವ ಮಾತ್ರೆ ಯಾವುದೆಂದು ನೀವು ಬರೆದಿಲ್ಲ. ಆಲ್ಪ್ರಜೋಲಾಮ್ ಜಾತಿಯದಾದರೆ ಎಚ್ಚರಿಕೆ: ಅರ್ಧ ಗಂಟೆಯಲ್ಲಿ ಸಮಾಧಾನ ಕೊಡುತ್ತದೆ, ದಿನವೂ ನುಂಗುತ್ತಾ ಹೋದರೆ ಅಭ್ಯಾಸವಾಗಿ ಬಿಡಲು ಕಷ್ಟವಾಗುತ್ತದೆ. ದಿನವೂ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ಬಳಿ ಕೂತು ಇಳಿಸಿಕೊಳ್ಳಬೇಕು. ದೀರ್ಘಕಾಲಕ್ಕೆ ನಾವು ಬರೆಯುವ ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳು ಅಭ್ಯಾಸವಾಗುವಂಥವಲ್ಲ. ಆದರೆ ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ಕೆಲವು ದಿನ ತಳಮಳ ಸ್ವಲ್ಪ ಹೆಚ್ಚಾಗುವುದೂ ಉಂಟು. ಐದನೆಯ ದಿನಕ್ಕೆ ಚೀಟಿ ಹರಿದು ಹಾಕಿದವರನ್ನು ತುಂಬ ಕಂಡಿದ್ದೇನೆ. ನೀವು ಹಾಗೆ ಮಾಡಬೇಡಿ.

ಕೆಲಸ ಬಿಡುವ ವಿಚಾರ. ಇದರಲ್ಲಿ ಕೆಲಸದ ಪಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದಂತೆ, ಬೇಡಿಕೆ ಹೆಚ್ಚಾಗಿ ಕೈಯಲ್ಲಿನ ಅಧಿಕಾರ ಕಡಿಮೆಯಾದ ಕೆಲಸವೇ ಮನುಷ್ಯನನ್ನು ಹೆಚ್ಚು ಹಿಂಡುವುದು. ಕ್ಯಾಷಿಯರನ ಕುರ್ಚಿ ಹಾಗೆಯೇ ಇದೆ. ಸಾಲು ಎಷ್ಟು ಉದ್ದವಿರಬೇಕೆಂಬುದು ನಿಮ್ಮ ಕೈಯಲ್ಲಿಲ್ಲ, ಕಡಿಮೆ ಬಿದ್ದ ನೋಟು ಮಾತ್ರ ನಿಮ್ಮ ಕೈಯಿಂದಲೇ ಹೋಗಬೇಕು. ತಿಂಗಳ ಕೊನೆಗೆ ಇನ್ನೊಬ್ಬರನ್ನು ಕೊಡಿ, ನಡುವೆ ಹತ್ತು ನಿಮಿಷ ಬಿಡುವು ಕೊಡಿ ಎಂದು ಮ್ಯಾನೇಜರರನ್ನು ಕೇಳುವುದರಲ್ಲಿ ಸಂಕೋಚವೇನಿದೆ? ರಾಜೀನಾಮೆಯನ್ನು ಮಾತ್ರ ಹೆದರಿಕೆ ಇಳಿದ ಮೇಲೆ ಯೋಚಿಸಿ. ಈಗ ಬಿಟ್ಟರೆ ಅದೂ ಒಂದು ದೊಡ್ಡ ನೀರಿನ ಬಾಟಲಿಯೇ.

ಗುಟ್ಟಿನ ಪ್ರಶ್ನೆಗೆ: 2018ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕು ಕೊಟ್ಟಿದೆ. ಮೇಲಧಿಕಾರಿ ಫೋನ್ ಮಾಡಿ ಕೇಳಿದರೂ ನಾವು ಹೇಳುವಂತಿಲ್ಲ. ಆದರೆ ವೈದ್ಯಕೀಯ ಬಿಲ್ಲನ್ನು ಮರುಪಾವತಿಗೆ ನೀವೇ ಕೊಟ್ಟರೆ ಅದರಲ್ಲಿ ವಿಭಾಗದ ಹೆಸರಿರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಇರುತ್ತದೆ. ನಿಮ್ಮ ಊರಿನಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿಗೆ ಹೋಗಲು ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ.

ಪ್ರಶ್ನೆ: ಕೌನ್ಸೆಲಿಂಗ್ ಎಂದರೆ ಬರೀ ಮಾತು ತಾನೆ? ನಮ್ಮ ಊರ ಅರಳಿಕಟ್ಟೆಯ ಮೇಲೆ ಅದು ಪುಕ್ಕಟೆಯಾಗಿ ಸಿಗುತ್ತದೆ. ನೀವು ದುಡ್ಡು ಯಾಕೆ ಕೇಳುತ್ತೀರಿ?
– ಒಬ್ಬ ರೈತ, ಚನ್ನಗಿರಿ

ಉತ್ತರ: ನನ್ನ ಬಳಿ ಬರುವವರಲ್ಲಿ ಅನೇಕರಿಗೆ ನಿಜವಾಗಿ ಬೇಕಾಗಿರುವುದು ಕಟ್ಟೆಯೇ. ಒಳ್ಳೆಯ ಕಟ್ಟೆಯಿದ್ದರೆ ಅಲ್ಲಿಗೇ ಹೋಗಿ. ಆದರೆ ಕಟ್ಟೆಯ ಗೆಳೆಯ “ತಲೆ ಕೆಡಿಸಿಕೊಳ್ಳಬೇಡ” ಎನ್ನುತ್ತಾನೆ. ನಾವು ತಲೆ ಯಾವಾಗ, ಎಷ್ಟು ಹೊತ್ತು, ಯಾವ ಯೋಚನೆಯಿಂದ ಕೆಟ್ಟಿತು ಎಂದು ವಾರವಿಡೀ ನೋಟ್‌ಬುಕ್ಕಿನಲ್ಲಿ ಬರೆದು ತರಲು ಹೇಳುತ್ತೇವೆ. ಮೇಲಿನ ಕ್ಯಾಷಿಯರರಿಗೆ ಕೊಟ್ಟಂತೆ ಮನೆಗೆಲಸ ಕೊಡುತ್ತೇವೆ, ಮಾಡದೆ ಬಂದರೆ ಯಾಕೆಂದು ಕೇಳುತ್ತೇವೆ. ಇನ್ನೊಂದು ವ್ಯತ್ಯಾಸ ನಿಮಗೇ ಚೆನ್ನಾಗಿ ಗೊತ್ತು: ಕಟ್ಟೆಯ ಮೇಲೆ ಇಂದು ಹೇಳಿದ್ದು ನಾಳೆ ಹಾಲಿನ ಡೇರಿಯಲ್ಲಿ ಕೇಳಿಸುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ತನಗೆ ‘ಬರ್ನ್ಔಟ್’ ಆಗಿದೆ ಎನ್ನುತ್ತಾನೆ. ನಾನು 33 ವರ್ಷ ಪಾಠ ಮಾಡಿದೆ, ನಮ್ಮ ಕಾಲದಲ್ಲಿ ಈ ಕಾಯಿಲೆ ಇರಲಿಲ್ಲ.
– ನಿವೃತ್ತ ಶಿಕ್ಷಕ, ತಿಪಟೂರು

ಉತ್ತರ: ಮೇಷ್ಟ್ರೇ, ಈಗಲೂ ಅದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಪರಿಷ್ಕರಣೆ ಅದನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಷ್ಟೇ ಸೇರಿಸಿಕೊಂಡಿದೆ. ಅದರ ಗುರುತು ಮೂರು: ಬಸವಳಿಯುವುದು, ಕೆಲಸವೆಂದರೆ ಬೇಸರ ಹುಟ್ಟಿ ದೂರವಾಗುವುದು, ತನ್ನಿಂದೇನೂ ಆಗುತ್ತಿಲ್ಲವೆನ್ನಿಸುವುದು. ಪದವೂ ತೀರ ಹೊಸದಲ್ಲ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಅದರ ಬಗ್ಗೆ ಬರೆದರು. ನಿಮ್ಮ ಕಾಲದಲ್ಲಿ ಕಡೆಯ ಗಂಟೆ ಹೊಡೆದ ಮೇಲೆ ಮುಖ್ಯೋಪಾಧ್ಯಾಯರು ನಿಮ್ಮ ಊಟದ ಎಲೆಯ ಪಕ್ಕ ಬಂದು ಕೂರುತ್ತಿರಲಿಲ್ಲ. ನಿಮ್ಮ ಮಗನ ಮೇಲಧಿಕಾರಿ ಮೊಬೈಲಿನಲ್ಲಿ ಕೂರುತ್ತಾರೆ.

ನೀವು ಗಮನಿಸಬೇಕಾದದ್ದು ಬೇರೆ. ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದಾಗ ಅವನ ಮುಖ ಅರಳುತ್ತದೆಯೆ? ಅರಳಿದರೆ ಕೆಲಸದ ಬಗ್ಗೆ ಮಾತನಾಡಿ. ಊರಿಗೆ ಬಂದರೂ ಹೋಳಿಗೆ ರುಚಿಸದೆ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ, ಹಳೆಯ ಗೆಳೆಯರೂ ಬೇಡವಾಗಿ ವಾರಗಳು ಕಳೆದಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಅವನನ್ನು ಒಬ್ಬನನ್ನೇ ಬೆಂಗಳೂರಿನ ಬಸ್ ಹತ್ತಿಸಬೇಡಿ. ಅದೇ ದಿನ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ.