ಗ್ಲುಟೆನ್ ಮುಕ್ತ ಸೋಪು, ಕ್ರೀಮುಗಳು ಮಂಗಳೂರಿನಲ್ಲಿ ಎಲ್ಲಿ ಸಿಗುತ್ತವೆ?

ಒಂಬತ್ತು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ ಇರುವುದು ಈಚೆಗೆ ತಿಳಿಯಿತು, ಮೊಣಕೈಯ ಮಡಿಕೆಯಲ್ಲಿ ತುರಿಕೆಯೂ ಇದೆ, ಹಂಪನಕಟ್ಟೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ‘ಗ್ಲುಟೆನ್ ಮುಕ್ತ’ ಎಂದು ಬರೆದ ಸೋಪಾಗಲಿ ಕ್ರೀಮಾಗಲಿ ಸಿಗಲಿಲ್ಲ ಎಂದು ಬರೆದಿದ್ದೀರಿ. ನಾನು ವೈದ್ಯಳಲ್ಲ. ಉಡುಪಿಯಲ್ಲಿ ಹನ್ನೊಂದು ವರ್ಷಗಳಿಂದ ಇದೇ ಕಾಯಿಲೆಯನ್ನೂ, ಅದಕ್ಕೆ ಸಂಬಂಧವಿಲ್ಲದ ಚರ್ಮದ ಅಲರ್ಜಿಯನ್ನೂ ಜೊತೆಜೊತೆಗೆ ಸಂಭಾಳಿಸಿಕೊಂಡು ಬಂದವಳು. ನನ್ನ ಅನುಭವದಲ್ಲಿ ಆ ‘ಗ್ಲುಟೆನ್ ಮುಕ್ತ’ ಮುದ್ರೆಗಿಂತ ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳೇ ಹೆಚ್ಚು ಕೆಲಸಕ್ಕೆ ಬಂದಿವೆ.

ಸೀಲಿಯಾಕ್ ಕಾಯಿಲೆಯಲ್ಲಿ ಹಾನಿಯಾಗುವುದು ಸಣ್ಣ ಕರುಳಿಗೆ, ಅದೂ ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ. ಈ ಪ್ರೋಟೀನು ಗಾಯವಿಲ್ಲದ ಚರ್ಮವನ್ನು ದಾಟಿ ಒಳಹೋಗಲಾರದಷ್ಟು ದೊಡ್ಡದು. ಆದ್ದರಿಂದ ಮೈಗೆ ಹಚ್ಚಿ ತೊಳೆದುಬಿಡುವ ಸೋಪಿನಿಂದ ಮಗಳ ಕರುಳಿಗೆ ತೊಂದರೆಯಾಗುವುದಿಲ್ಲ. ಗಮನಿಸಬೇಕಾದದ್ದು ಬಾಯಿಗೆ ಹೋಗುವಂಥವನ್ನು, ಅಂದರೆ ಲಿಪ್ ಬಾಮ್, ಲಿಪ್‌ಸ್ಟಿಕ್, ಟೂತ್‌ಪೇಸ್ಟ್‌ಗಳನ್ನು. ಇವುಗಳ ಜೊತೆಗೆ ಕೈಗೆ ಹಚ್ಚುವ ಕ್ರೀಮನ್ನೂ ನಾನು ಸೇರಿಸುತ್ತೇನೆ, ಏಕೆಂದರೆ ನಾವು ಅನ್ನಕ್ಕೆ ಸಾರು ಕಲಸಿ ಬೆರಳುಗಳಿಂದಲೇ ಉಣ್ಣುವವರು; ಮಕ್ಕಳಂತೂ ಉಂಡಾದ ಮೇಲೂ ಬೆರಳು ಚೀಪುತ್ತಾರೆ.

ಮಗಳ ತುರಿಕೆಯ ವಿಷಯ ಬೇರೆ. ತಿಂದ ಗ್ಲುಟೆನ್‌ನಿಂದಲೇ ಬರುವ ಒಂದು ಚರ್ಮರೋಗವಿದೆ, ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಎಂದು ಅದರ ಹೆಸರು. ಅದು ಸಾಮಾನ್ಯವಾಗಿ ಮೊಣಕೈಯ ಹೊರಭಾಗ, ಮೊಣಕಾಲು ಮತ್ತು ಪೃಷ್ಠಗಳಲ್ಲಿ ಸಣ್ಣ ಗುಳ್ಳೆಗಳಾಗಿ ಏಳುತ್ತದೆ. ಅದಕ್ಕೆ ಪಥ್ಯ ಮತ್ತು ವೈದ್ಯರು ಕೊಡುವ ಮಾತ್ರೆ ಬೇಕು, ಕ್ರೀಮು ಬದಲಾಯಿಸಿದರೆ ಪ್ರಯೋಜನವಿಲ್ಲ. ಮೊಣಕೈಯ ಒಳಮಡಿಕೆಯಲ್ಲಿ ಕಾಣುವುದು ಹೆಚ್ಚಾಗಿ ಎಕ್ಸಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ. ಎರಡರಲ್ಲಿ ಯಾವುದೆಂದು ಚರ್ಮರೋಗ ತಜ್ಞರೇ ಹೇಳಬೇಕು.

ಎಕ್ಸಿಮಾ ಎಂದಾದರೆ, ಒಡೆದ ಚರ್ಮದ ಮೇಲೆ ಆಹಾರದ ಪ್ರೋಟೀನುಗಳನ್ನು ಹಚ್ಚದಿರುವುದು ಒಳ್ಳೆಯದು, ಮತ್ತು ಇದಕ್ಕೆ ಕಾರಣ ಸೀಲಿಯಾಕ್ ಅಲ್ಲ, ಅಲರ್ಜಿ. ಜಪಾನಿನಲ್ಲಿ ಗೋಧಿಯ ಪ್ರೋಟೀನನ್ನು ರಾಸಾಯನಿಕವಾಗಿ ಒಡೆದು ಬೆರೆಸಿದ್ದ ಒಂದು ಮುಖದ ಸೋಪನ್ನು ಬಳಸಿದವರಲ್ಲಿ 2,000ಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಗೋಧಿಯ ಅಲರ್ಜಿ ಹತ್ತಿಕೊಂಡಿತು. ಅದುವರೆಗೆ ನಿಶ್ಚಿಂತೆಯಿಂದ ಬ್ರೆಡ್ಡು, ನೂಡಲ್ಸು ತಿನ್ನುತ್ತಿದ್ದ ಅವರಲ್ಲಿ ಹಲವರು ತಿಂದ ಬಳಿಕ ಉಸಿರುಗಟ್ಟಿ ಆಸ್ಪತ್ರೆ ಸೇರಬೇಕಾಯಿತು. 2011ರಲ್ಲಿ ಆ ಸೋಪನ್ನು ಹಿಂತೆಗೆದುಕೊಳ್ಳಲಾಯಿತು. ಲೇಬಲ್‌ನಲ್ಲಿ ‘ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್’ (ಹೀಗೆ ಒಡೆದ ಗೋಧಿಯ ಪ್ರೋಟೀನು) ಎಂದು ಕಂಡರೆ ನಾನು ಆ ಡಬ್ಬಿಯನ್ನು ಇದ್ದಲ್ಲೇ ಇಡುವುದು ಇದಕ್ಕಾಗಿ.

ಲೇಬಲ್‌ನಲ್ಲಿ ಗೋಧಿ ಹೆಚ್ಚಾಗಿ ಲ್ಯಾಟಿನ್ ಹೆಸರಿನಲ್ಲಿರುತ್ತದೆ. ಟ್ರಿಟಿಕಮ್ ವಲ್ಗೇರ್ ಗೋಧಿ, ಹೋರ್ಡಿಯಮ್ ವಲ್ಗೇರ್ ಬಾರ್ಲಿ, ಅವೀನಾ ಸಟೈವಾ ಓಟ್ಸ್, ಪ್ರೂನಸ್ ಅಮಿಗ್ಡಲಸ್ ಬಾದಾಮಿ, ಅರಾಕಿಸ್ ಹೈಪೋಜಿಯಾ ನೆಲಗಡಲೆ, ಸೆಸಮಮ್ ಇಂಡಿಕಮ್ ಎಳ್ಳು. ಆಯುರ್ವೇದದ ಡಬ್ಬಿಗಳಲ್ಲಿ ಸಂಸ್ಕೃತದ ಗೋಧೂಮ (ಗೋಧಿ), ಯವ (ಬಾರ್ಲಿ), ತಿಲ (ಎಳ್ಳು) ಎಂಬ ಹೆಸರುಗಳನ್ನು ಹುಡುಕಬೇಕು. ಗಡಿಯಾಚೆಯಿಂದ ನಮ್ಮ ಅಂಗಡಿಗಳಿಗೆ ಬರುವ ಕೇರಳದ ಎಣ್ಣೆಗಳಲ್ಲಿ ‘ಕೇರಂ’ ಎಂದಿದ್ದರೆ ಮೂಲ ತೆಂಗಿನೆಣ್ಣೆ, ‘ತೈಲಂ’ ಎಂದಿದ್ದರೆ ಸಾಮಾನ್ಯವಾಗಿ ಎಳ್ಳೆಣ್ಣೆ. ಎಳ್ಳಿನ ಅಲರ್ಜಿ ಇರುವವರಿಗೆ ಇದು ತಿಳಿದಿರಬೇಕು.

ಇಲ್ಲೊಂದು ತೊಡಕಿದೆ. ನಮ್ಮ ನಿಯಮದಂತೆ ಪದಾರ್ಥಗಳ ಪಟ್ಟಿ ಕಡ್ಡಾಯವಾದರೂ 30 ಗ್ರಾಂಗಿಂತ ಕಡಿಮೆ ತೂಕದ ಘನ ವಸ್ತುಗಳಿಗೆ, 60 ಮಿಲಿಲೀಟರ್‌ಗಿಂತ ಕಡಿಮೆಯ ದ್ರವಗಳಿಗೆ ವಿನಾಯಿತಿ ಇದೆ. ಬಾಯಿಗೆ ಹೋಗುವ ಲಿಪ್ ಬಾಮ್, ಲಿಪ್‌ಸ್ಟಿಕ್‌ಗಳೇ ಈ ವಿನಾಯಿತಿಯೊಳಗೆ ಬರುತ್ತವೆ ಎನ್ನುವುದು ವಿಚಿತ್ರ. ಪಟ್ಟಿ ಇಲ್ಲದ ಲಿಪ್ ಬಾಮನ್ನು ನಾನು ಕೊಳ್ಳುವುದಿಲ್ಲ. ಇನ್ನು ‘ಗ್ಲುಟೆನ್ ಮುಕ್ತ’ ಎಂಬ ಮಾತಿಗೆ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ಎಂಬ ಮಿತಿಯಿದೆ. ಕ್ರೀಮುಗಳಿಗೆ ಅಂಥ ಮಿತಿಯಿಲ್ಲವಾದ್ದರಿಂದ ಅಲ್ಲಿ ಅದು ಕಂಪನಿಯ ಮಾತು ಮಾತ್ರ.

ಆ ಮಾತನ್ನು ನಂಬಿ ನಾನೇ ಒಮ್ಮೆ ಎರಡು ಪಟ್ಟು ಬೆಲೆ ಕೊಟ್ಟು ಕ್ರೀಮು ತರಿಸಿದ್ದೆ. ನಾಲ್ಕನೆಯ ದಿನಕ್ಕೆ ಕುತ್ತಿಗೆಯೆಲ್ಲ ಕೆಂಪೇರಿತು. ಗೋಧಿ ನಿಜವಾಗಿಯೂ ಅದರಲ್ಲಿರಲಿಲ್ಲ, ಇದ್ದದ್ದು ಸುಗಂಧ. ಪ್ಯಾಚ್ ಟೆಸ್ಟ್ ಮಾಡಿಸಿದಾಗ ನನ್ನ ಚರ್ಮಕ್ಕೆ ಆಗದಿರುವುದು ಪರಿಮಳ ದ್ರವ್ಯಗಳೆಂದು ತಿಳಿಯಿತು. ಈ ಪರೀಕ್ಷೆಯಲ್ಲಿ ಅಲರ್ಜಿಕಾರಕಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು. ನಮ್ಮ ಕರಾವಳಿಯ ಏಪ್ರಿಲ್ ಬೆವರಿಗೆ ಪಟ್ಟಿಗಳು ಕಿತ್ತು ಬರುತ್ತವೆ, ಸಾಧ್ಯವಾದರೆ ಡಿಸೆಂಬರ್, ಜನವರಿಯಲ್ಲಿ ಮಾಡಿಸಿ. ಮಣಿಪಾಲ, ಕಂಕನಾಡಿ, ಅತ್ತಾವರಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ, ಅಲ್ಲಿ ವಿಚಾರಿಸಬಹುದು.

ಹುಡುಕುವ ಜಾಗವನ್ನೂ ಬದಲಾಯಿಸಿ. ಸುಗಂಧವಿಲ್ಲದ ಮಾಯಿಶ್ಚರೈಸರ್‌ಗಳು ಫ್ಯಾನ್ಸಿ ಅಂಗಡಿಗಿಂತ ಮೆಡಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ. ‘ಅನ್‌ಸೆಂಟೆಡ್’ ಎಂದಿದ್ದರೆ ವಾಸನೆ ಮುಚ್ಚಲು ಬೇರೊಂದು ಸುಗಂಧ ಬೆರೆಸಿರಬಹುದು, ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನೇ ಕೇಳಿ. ಮನೆಮದ್ದು ಎಂದು ಗಿರಣಿಯ ಕಡಲೆಹಿಟ್ಟು ಹಚ್ಚುವುದಿದ್ದರೆ, ಅದೇ ಗಿರಣಿಯಲ್ಲಿ ಸ್ವಲ್ಪ ಮೊದಲು ಗೋಧಿ ಬೀಸಿರುತ್ತಾರೆಂಬುದು ನೆನಪಿರಲಿ. ಮಗಳ ಪಥ್ಯದ ಅಕ್ಕಿಹಿಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಸದೇನನ್ನು ತಂದರೂ ಮುಂಗೈಯ ಒಳಭಾಗದ ಒಂದೇ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ಸದ್ಯಕ್ಕೆ ಮಗಳ ತುಟಿಗೆ ಸುವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಅದರಲ್ಲಿ ಗೋಧಿಯೂ ಇಲ್ಲ, ಬೇರಾವ ಪ್ರೋಟೀನೂ ಇಲ್ಲ.