ಓದುಗರ ಪ್ರಶ್ನೆ: ಸೂರ್ಯನ ಕಲೆ, ನಮ್ಮ ಮಳೆ, ನಮ್ಮ ಸೆಕೆ

2024ರಲ್ಲಿ ಸೂರ್ಯನ ಚಟುವಟಿಕೆ ಶಿಖರದಲ್ಲಿತ್ತು. ಅದೇ ವರ್ಷ ಭೂಮಿಯ ಸೆಕೆಯೂ ದಾಖಲೆ ಮುರಿಯಿತು. ಹಾಗಾದರೆ ಬಿಸಿ ಏರುತ್ತಿರುವುದಕ್ಕೆ ಸೂರ್ಯನೇ ಕಾರಣ ಅಂತಲ್ಲವೇ? — ಡೊಂಬಿವಲಿಯ ಓದುಗರು

ಎರಡೂ ಒಂದೇ ವರ್ಷ ಆದದ್ದು ನಿಜ. ಆದರೆ ಲೆಕ್ಕ ಹಾಕಿ ನೋಡಿದರೆ ಸೂರ್ಯನ ಪಾಲು ಬಹಳ ಸಣ್ಣದು. ಲೆಕ್ಕ ಸುಲಭವೇ ಇದೆ, ಪೆನ್ನು ಹಿಡಿದು ಜೊತೆಗೆ ಬನ್ನಿ.

ವಾಯುಮಂಡಲದ ಹೊರಗೆ, ಸೂರ್ಯನಿಗೆ ನೇರ ಎದುರಾಗಿ ಹಿಡಿದ ಒಂದು ಚದರ ಮೀಟರ್ ಜಾಗದ ಮೇಲೆ ಸರಾಸರಿ 1361 ವ್ಯಾಟ್ ಬೀಳುತ್ತದೆ. ಸೂರ್ಯನ ಮೈಮೇಲಿನ ಕಪ್ಪು ಮಚ್ಚೆಗಳು, ಅಂದರೆ ಸೌರಕಲೆಗಳು, ಹೆಚ್ಚಿ ಕಡಿಮೆಯಾಗುವ ಸುಮಾರು 11 ವರ್ಷದ ಸೌರಚಕ್ರದಲ್ಲಿ ಈ ಅಂಕಿ ಏರಿಳಿಯುವುದು ಹೆಚ್ಚುಕಡಿಮೆ 1 ವ್ಯಾಟ್, ಅಂದರೆ ಶೇ. 0.1ರ ಆಸುಪಾಸು. ಭೂಮಿ ಗುಂಡಗಿದೆ, ಅರ್ಧ ಭಾಗ ಸದಾ ರಾತ್ರಿಯಲ್ಲಿರುತ್ತದೆ. ಹಾಗಾಗಿ ಆ 1 ವ್ಯಾಟನ್ನು ನಾಲ್ಕರಿಂದ ಭಾಗಿಸಬೇಕು: 0.25. ಅದರಲ್ಲಿ ಶೇ. 30ರಷ್ಟನ್ನು ಮೋಡ, ಹಿಮ, ಮರಳು ವಾಪಸ್ ಕಳಿಸುತ್ತವೆ. ಉಳಿದದ್ದು ಚದರ ಮೀಟರಿಗೆ 0.17 ವ್ಯಾಟ್ ಚಿಲ್ಲರೆ. ಇದರಿಂದ ಭೂಮಿಯ ಸರಾಸರಿ ತಾಪ ಸುಮಾರು 0.1 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಐದಾರು ವರ್ಷದಲ್ಲಿ ಮತ್ತೆ ಇಳಿಯುತ್ತದೆ.

ಇನ್ನೊಂದು ತಟ್ಟೆಯಲ್ಲಿ ಇಂಗಾಲದ ಡೈಆಕ್ಸೈಡ್ ಇಡಿ. 1750ರ ಸುಮಾರಿಗೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಅದರದ್ದು 280 ಇದ್ದವು, ಈಗ 420 ದಾಟಿವೆ. ಅದೊಂದರಿಂದಲೇ ಚದರ ಮೀಟರಿಗೆ 2 ವ್ಯಾಟಿಗಿಂತ ಹೆಚ್ಚು ಶಾಖ ಒಳಗೆ ಉಳಿಯುತ್ತಿದೆ. ಸೌರಚಕ್ರದ ಪಾಲಿಗೆ ಹೋಲಿಸಿದರೆ ಹನ್ನೆರಡು ಪಟ್ಟು, ಅದೂ ಇಳಿಯುವ ಮಾತಿಲ್ಲದೆ.

ಇಷ್ಟಕ್ಕೂ ಸಮಾಧಾನವಾಗದಿದ್ದರೆ ಎರಡು ಸಾಕ್ಷಿ ಇವೆ. ಉಪಗ್ರಹಗಳು ಸೂರ್ಯನ ಒಟ್ಟು ಬೆಳಕನ್ನು 1978ರಿಂದ ಅಳೆಯುತ್ತಿವೆ. ಅಂದಿನಿಂದ ಸೂರ್ಯನ ಸರಾಸರಿ ಏರಿಲ್ಲ. 2008ರ ಕೊನೆಗೆ ಶುರುವಾದ 24ನೇ ಚಕ್ರವಂತೂ ನೂರು ವರ್ಷಗಳಲ್ಲೇ ದುರ್ಬಲವಾದದ್ದು. ಆ ಅವಧಿಯಲ್ಲೂ ಭೂಮಿ ಕಾಯುತ್ತಲೇ ಹೋಯಿತು. ಎರಡನೆಯ ಸಾಕ್ಷಿ ಇನ್ನೂ ಗಟ್ಟಿ. ಸೂರ್ಯ ಜೋರಾಗಿದ್ದರೆ ವಾಯುಮಂಡಲದ ಕೆಳಪದರದಂತೆ ಮೇಲಿನ ಸ್ತರಗೋಳವೂ ಕಾಯಬೇಕಿತ್ತು. ಅಳತೆಯಲ್ಲಿ ಕಂಡದ್ದು ಉಲ್ಟಾ: ಕೆಳಗೆ ಬಿಸಿ, ಮೇಲೆ ತಂಪು. ಕೆಳಗಿನ ಶಾಖವನ್ನು ಹಿಡಿದಿಡುವ ಅನಿಲವೇ ಮೇಲಿನ ತೆಳುಗಾಳಿಯಿಂದ ಶಾಖವನ್ನು ಬಾಹ್ಯಾಕಾಶಕ್ಕೆ ಚೆಲ್ಲುತ್ತದೆ. ಓಝೋನ್ ನಷ್ಟವೂ ಮೇಲಿನ ತಂಪಿಗೆ ಒಂದಿಷ್ಟು ಕಾರಣ.

ಅಂದಮಾತ್ರಕ್ಕೆ ಸೂರ್ಯನನ್ನು ಪೂರ್ತಿ ಕೈಬಿಡುವಂತಿಲ್ಲ. ಒಟ್ಟು ಬೆಳಕು ಶೇ. 0.1 ಬದಲಾದರೂ ನೇರಳಾತೀತ ಕಿರಣ, ಅದರಲ್ಲೂ 200 ನ್ಯಾನೋಮೀಟರ್ ಸುತ್ತಮುತ್ತಲಿನದು, ಶೇ. 5ಕ್ಕೂ ಮೇಲೆ ಬದಲಾಗುತ್ತದೆ. ಅದನ್ನು ಓಝೋನ್ ಹೀರಿಕೊಂಡು ಸ್ತರಗೋಳ ಬೆಚ್ಚಗಾಗುತ್ತದೆ, ಅಲ್ಲಿನ ಗಾಳಿಯ ಹರಿವು ಸ್ವಲ್ಪ ಪಲ್ಲಟವಾಗುತ್ತದೆ. ಯುರೋಪಿನ ಚಳಿಗಾಲದ ಮೇಲೆ ಇದರ ಮಂದ ಗುರುತು ಕಾಣುತ್ತದೆ. ಈ ಕಿರಣಗಳನ್ನು ನೋಡಲೆಂದೇ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯುಕಾದಲ್ಲಿ ರೂಪುಗೊಂಡ 'ಸೂಟ್' ದೂರದರ್ಶಕ ಇಸ್ರೋದ ಆದಿತ್ಯ ಎಲ್1 ನೌಕೆಯಲ್ಲಿದೆ. 2024ರ ಜನವರಿ 6ರಂದು ಆ ನೌಕೆ ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆಯ ತನ್ನ ಕಕ್ಷೆ ಸೇರಿತು. ಅದರ ಕೆಲಸದ ವ್ಯಾಪ್ತಿ 200ರಿಂದ 400 ನ್ಯಾನೋಮೀಟರ್.

ಊರಲ್ಲಿ ಜಮೀನಿದೆ. ಸೌರಕಲೆ ಹೆಚ್ಚಾದರೆ ಮಳೆ ಕೈಕೊಡುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ನಂಬಬಹುದೇ? — ಭಾಂಡೂಪ್‌ನ ಓದುಗರು, ಮೂಲ ವಿಜಯಪುರ ಜಿಲ್ಲೆ

ಅದನ್ನು ನಂಬಿ ಬಿತ್ತನೆ ಬೀಜ ಬದಲಿಸಬೇಡಿ. ಹಿಂದಿನ ಎರಡು ಚಕ್ರಗಳನ್ನೇ ತೆಗೆದುಕೊಳ್ಳಿ. ಸೂರ್ಯ ತೀರಾ ಶಾಂತವಾಗಿದ್ದ 2009ರಲ್ಲಿ ದೇಶದ ಮುಂಗಾರು ಶೇ. 22ರಷ್ಟು ಕಡಿಮೆ. ಮತ್ತೆ ಶಾಂತವಾಗಿದ್ದ 2019ರಲ್ಲಿ ಶೇ. 10 ಹೆಚ್ಚು. ಶಿಖರದ ವರ್ಷ 2014ರಲ್ಲಿ ಶೇ. 12 ಕಡಿಮೆ, ಇನ್ನೊಂದು ಶಿಖರ 2024ರಲ್ಲಿ ಶೇ. 8 ಹೆಚ್ಚು. ಶಾಂತ ಸೂರ್ಯನಿಗೂ ಬರ ಬಂತು, ನೆರೆಯೂ ಬಂತು. ಉಗ್ರ ಸೂರ್ಯನಿಗೂ ಅಷ್ಟೇ. ನಾಲ್ಕು ವರ್ಷದಿಂದ ಏನೂ ಸಿದ್ಧವಾಗುವುದಿಲ್ಲ ಅನ್ನುವುದು ಸರಿ, ಆದರೆ ವಾಟ್ಸಾಪಿನ ಸೂತ್ರ ಮುರಿಯಲು ಇಷ್ಟು ಸಾಕು.

2009ರ ಬರದ ಹಿಂದೆ ಇದ್ದದ್ದು ಎಲ್ ನಿನೊ, ಪೆಸಿಫಿಕ್ ಸಾಗರದ ಮಧ್ಯ ಹಾಗೂ ಪೂರ್ವ ಭಾಗದ ನೀರು ಬಿಸಿಯೇರಿದ ಸ್ಥಿತಿ. 2019ರ ಮಳೆಗಾಲದ ದ್ವಿತೀಯಾರ್ಧದಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಬದಿ ಬಿಸಿ, ಪೂರ್ವ ಬದಿ ತಂಪು ಇತ್ತು. ಅದು ಮಳೆಗೆ ಅನುಕೂಲ.

ಈ ಹುಡುಕಾಟ ಇಂದಿನದಲ್ಲ. 19ನೇ ಶತಮಾನದ ಕೊನೆಯಲ್ಲೇ ಬ್ರಿಟನ್ನಿನ ಖಗೋಳಜ್ಞ ನಾರ್ಮನ್ ಲಾಕಿಯರ್ ಭಾರತದ ಬರಗಾಲಕ್ಕೂ ಸೌರಕಲೆಗೂ ನಂಟು ಕಟ್ಟಲು ನೋಡಿದ್ದರು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಗಣಿತಜ್ಞ. ಸೌರಕಲೆ ಮತ್ತು ಮಳೆಯ ಸಂಬಂಧವನ್ನು ಅಂಕಿಗಳಲ್ಲಿ ತೂಗಿ, ಮುನ್ಸೂಚನೆಗೆ ಅದು ಸಾಲದು ಎಂದು ಕಂಡು, ಸಾಗರಗಳ ಮೇಲಿನ ಗಾಳಿಯ ಒತ್ತಡದ ಕಡೆ ತಿರುಗಿದರು. ಅಲ್ಲಿ ಸಿಕ್ಕ ಒತ್ತಡದ ಏರಿಳಿತವೇ, ಸಾಗರದ ಬಿಸಿಯ ಜೊತೆಗೆ, ಇಂದು ಎಲ್ ನಿನೊ ಲೆಕ್ಕದ ಅರ್ಧ ಭಾಗ. ನಮ್ಮ ದೃಷ್ಟಿಯಲ್ಲಿ ಸೌರಕಲೆಗಳು ಮುಂಗಾರಿಗೆ ಮಾಡಿದ ದೊಡ್ಡ ಉಪಕಾರ ಇದೇ: ಅವನ್ನು ಬಿಟ್ಟವರಿಗೆ ಸರಿಯಾದ ದಾರಿ ಸಿಕ್ಕಿತು.

ಒಂದು ಊರಿನ ಮಳೆಯ ವಿಷಯಕ್ಕೆ ಬಂದರೆ ಸೂರ್ಯ ಇನ್ನೂ ದೂರ ಸರಿಯುತ್ತಾನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿಯಿತು, ಅದೇ ಮುಂಬಯಿಯ ಕೊಲಾಬಾದಲ್ಲಿ 73 ಮಿ.ಮೀ. ಮಾತ್ರ. ಸೂರ್ಯ ಇಬ್ಬರಿಗೂ ಒಬ್ಬನೇ.

ಸೂರ್ಯ ನಿದ್ದೆಗೆ ಜಾರಿ ಹಿಮಯುಗ ಬರುತ್ತದಂತೆ. ನಿಜವೇ? — ವಾಸ್ಕೊದ ವಿದ್ಯಾರ್ಥಿನಿ

1645ರಿಂದ 1715ರವರೆಗೆ ಸೌರಕಲೆಗಳು ಹೆಚ್ಚುಕಡಿಮೆ ಮಾಯವಾಗಿದ್ದವು. ಅದಕ್ಕೆ ಮೌಂಡರ್ ಕನಿಷ್ಠ ಎಂದು ಹೆಸರು. ಯುರೋಪ್ ಆಗ ಚಳಿಯಲ್ಲಿತ್ತು ಎಂಬುದೂ ನಿಜ. ಆದರೆ ಆ 'ಕಿರು ಹಿಮಯುಗ' ಮೌಂಡರ್ ಕನಿಷ್ಠಕ್ಕಿಂತ ಎಷ್ಟೋ ಮೊದಲೇ ಶುರುವಾಗಿ ಅದರ ನಂತರವೂ ಮುಂದುವರಿಯಿತು. ಜ್ವಾಲಾಮುಖಿಗಳ ಪಾತ್ರ ಅದರಲ್ಲಿ ದೊಡ್ಡದು. 1815ರಲ್ಲಿ ತಂಬೋರಾ ಸಿಡಿದು, ಮರುವರ್ಷ ಯುರೋಪ್ ಮತ್ತು ಉತ್ತರ ಅಮೆರಿಕ ಬೇಸಿಗೆಯನ್ನೇ ಕಾಣಲಿಲ್ಲ. ಅಂಥ ಸೌರ ನಿದ್ದೆ ಈಗ ಮತ್ತೆ ಬಂದರೂ ಭೂಮಿಯ ಸರಾಸರಿ ಇಳಿಯುವುದು 0.1ರಿಂದ 0.3 ಡಿಗ್ರಿ ಎಂದು ಮಾದರಿಗಳು ಹೇಳುತ್ತವೆ. ಈಗಾಗಲೇ ಏರಿರುವುದು 1 ಡಿಗ್ರಿಗೂ ಮೇಲೆ. ಸ್ವೆಟರ್ ಖರೀದಿಗೆ ಅವಸರವಿಲ್ಲ.

ಶಾಲೆಯ ಮಕ್ಕಳಿಗೆ ಸೌರಕಲೆ ತೋರಿಸಬೇಕು. ದುಬಾರಿ ಉಪಕರಣ ಇಲ್ಲ. — ಪುಣೆಯ ಕನ್ನಡ ಶಾಲೆಯೊಂದರ ಶಿಕ್ಷಕರು

ಗುರುಗಳೇ, ಬೈನಾಕ್ಯುಲರ್ ಒಂದು ಸಾಕು, ಆದರೆ ಅದರೊಳಗೆ ಯಾರೂ ಇಣುಕಬಾರದು. ಈ ಒಂದು ಮಾತು ಪಾಲಿಸಲಾಗದಷ್ಟು ಗಲಾಟೆಯ ತರಗತಿಯಾದರೆ ಪ್ರಯೋಗ ಬೇಡ. ಕಣ್ಣಿನ ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ, ಸುಟ್ಟದ್ದು ತಿಳಿಯುವುದು ಗಂಟೆಗಳ ನಂತರ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್ ಯಾವುದೂ ಆಗದು. ಅವು ಕಣ್ಣಿಗೆ ಮಬ್ಬು ತೋರಿಸಿದರೂ ಅವಕೆಂಪು ಕಿರಣವನ್ನು ಒಳಗೆ ಬಿಡುತ್ತವೆ. ನೇರ ನೋಡಲೇಬೇಕಿದ್ದರೆ 14ನೇ ನಂಬರಿನ ವೆಲ್ಡಿಂಗ್ ಗಾಜು ಅಥವಾ ಐಎಸ್‌ಒ 12312-2 ಗುರುತಿನ ಗ್ರಹಣದ ಕನ್ನಡಕ. ಅದೂ ಬರಿಗಣ್ಣಿಗೆ ಮಾತ್ರ, ಬೈನಾಕ್ಯುಲರ್ ಹಿಂದೆ ಅಲ್ಲ.

ಬಿಂಬ ಬೀಳಿಸುವ ಕ್ರಮ ಹೀಗೆ. 7×50 ಬೈನಾಕ್ಯುಲರನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಬಿಗಿಯಿರಿ. ಮುಂದಿನ ಎರಡು ಮಸೂರಗಳಲ್ಲಿ ಒಂದಕ್ಕೆ ಮುಚ್ಚಳ ಹಾಕಿ ಟೇಪ್ ಅಂಟಿಸಿ, ಇಲ್ಲದಿದ್ದರೆ ಎರಡು ಬಿಂಬ ಬೀಳುತ್ತವೆ. ಒಂದಡಿ ಅಗಲದ ರಟ್ಟಿಗೆ ತೂತು ಕೊರೆದು ಬೈನಾಕ್ಯುಲರ್ ಕೊರಳಿಗೆ ತೊಡಿಸಿ. ಅದರ ನೆರಳು ಕಾಗದದ ಮೇಲೆ ಬಿದ್ದು ಬಿಂಬ ಸ್ಪಷ್ಟವಾಗುತ್ತದೆ. ಕಣ್ಣಿಡುವ ತುದಿಯಿಂದ ಒಂದು ಮೀಟರ್ ಹಿಂದೆ ಬಿಳಿ ಕಾಗದ ನಿಲ್ಲಿಸಿ. ಸೂರ್ಯನ ಕಡೆ ಗುರಿಯಿಡಲು ಕಣ್ಣು ಬೇಡ: ಬೈನಾಕ್ಯುಲರ್‌ನ ನೆರಳು ನೆಲದ ಮೇಲೆ ಅತಿ ಚಿಕ್ಕದಾಗುವಂತೆ ತಿರುಗಿಸಿದರೆ ಬಿಂಬ ತಾನಾಗಿ ಕಾಗದಕ್ಕೆ ಬರುತ್ತದೆ. ಅಗಲ ಸುಮಾರು 6 ಸೆಂ.ಮೀ. ಅಂಚು ಚೂಪಾಗುವವರೆಗೆ ಫೋಕಸ್ ಚಕ್ರ ತಿರುಗಿಸಿ.

ಕೆಡುವುದು ಎಲ್ಲಿ? ಮೊದಲನೆಯದು ಬಿಸಿ. ಅಗ್ಗದ ಬೈನಾಕ್ಯುಲರಿನೊಳಗಿನ ಪ್ಲಾಸ್ಟಿಕ್ ಕರಗುತ್ತದೆ, ಮಸೂರಗಳ ಅಂಟು ಬಿಡುತ್ತದೆ. ಒಂದು ನಿಮಿಷ ತೋರಿಸಿ, ಮುಚ್ಚಿ, ಐದು ನಿಮಿಷ ಆರಲು ಬಿಡಿ. ಬೆಲೆಬಾಳುವ ಬೈನಾಕ್ಯುಲರಿಗೆ ಈ ಕೆಲಸ ಹಚ್ಚಲೇಬೇಡಿ. ಎರಡನೆಯದು ಧೂಳು. ಮಸೂರದ ಮೇಲಿನ ಕೊಳೆಯೂ ಕಲೆಯಂತೆ ಕಾಣುತ್ತದೆ. ಬೈನಾಕ್ಯುಲರನ್ನು ಕೊಂಚ ಅಲುಗಿಸಿ: ಬಿಂಬದ ಜೊತೆ ಸರಿದರೆ ಸೌರಕಲೆ, ಬಿಂಬ ಸರಿದರೂ ನಿಂತಲ್ಲೇ ನಿಂತರೆ ಧೂಳು. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಟೆರೇಸ್ ಕಾಯುವ ಮುಂಚೆ ಮಾಡಿದರೆ ಬಿಂಬ ನಡುಗುವುದು ಕಡಿಮೆ. ನವೆಂಬರಿನಿಂದ ಫೆಬ್ರವರಿಯವರೆಗೆ ಪುಣೆಯ ಆಕಾಶ ಇದಕ್ಕೆ ಒಳ್ಳೆಯದು.

ಎಣಿಕೆಗೆ ಒಂದು ಹಳೆಯ ಸೂತ್ರವಿದೆ: ಗುಂಪುಗಳ ಸಂಖ್ಯೆಯನ್ನು 10ರಿಂದ ಗುಣಿಸಿ, ಬಿಡಿ ಕಲೆಗಳನ್ನು ಕೂಡಿಸಿ. ಮೂರು ಗುಂಪುಗಳಲ್ಲಿ ಒಟ್ಟು 14 ಕಲೆ ಕಂಡರೆ 44. ವೀಕ್ಷಣಾಲಯಗಳು ಇದನ್ನು ಉಪಕರಣಕ್ಕೆ ತಕ್ಕ ಗುಣಕದಿಂದ ತಿದ್ದುತ್ತವೆ, ಶಾಲೆಗೆ ಅದು ಬೇಡ. ದಿನವೂ ಅದೇ ಹೊತ್ತಿಗೆ ಅದೇ ಅಳತೆಯ ವೃತ್ತದಲ್ಲಿ ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿದರೆ, ಒಂದು ವಾರದಲ್ಲಿ ಅವು ಸಾಲಾಗಿ ಸರಿಯುವುದು ಕಾಣುತ್ತದೆ. ಸೂರ್ಯ ತಿರುಗುತ್ತಿರುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಮಕ್ಕಳು ಕೇಳಿಯೇ ಕೇಳುತ್ತಾರೆ: ಕಲೆ ಕಪ್ಪಲ್ಲವೇ, ಕಲೆ ಹೆಚ್ಚಾದಾಗ ಬೆಳಕು ಕಡಿಮೆಯಾಗಬೇಕಲ್ಲವೇ? ಕಲೆಗಳ ಸುತ್ತ ಹೆಚ್ಚು ಹೊಳೆಯುವ ಜಾಗಗಳೂ ಹುಟ್ಟುತ್ತವೆ. ಕಲೆ ಕಸಿದದ್ದಕ್ಕಿಂತ ಅವು ಕೊಡುವುದು ಹೆಚ್ಚು. ಬಿಂಬದ ಅಂಚಿನಲ್ಲಿ ಬೆಳ್ಳನೆಯ ಎಳೆಗಳಂತೆ ಅವೂ ಒಮ್ಮೊಮ್ಮೆ ಕಾಣುತ್ತವೆ.

ನಮ್ಮ ಸೊಸೈಟಿಯ ಸೋಲಾರ್ ಉತ್ಪಾದನೆ ಈ ವರ್ಷ ಶೇ. 10 ಇಳಿದಿದೆ. ಸೌರಚಕ್ರ ಕಾರಣವೇ? — ಐರೋಲಿಯ ಹೌಸಿಂಗ್ ಸೊಸೈಟಿ ಕಾರ್ಯದರ್ಶಿ

ಅಲ್ಲ. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ ಸುಮಾರು 1400 ಯೂನಿಟ್ ಕೊಡುತ್ತದೆ. ಸೌರಚಕ್ರದ ಪಾಲು ಅದರಲ್ಲಿ ಒಂದೂವರೆ ಯೂನಿಟ್. ಟೆರೇಸ್ ಹತ್ತಿ ನೋಡಿ. ಪಾರಿವಾಳದ ಹಿಕ್ಕೆ ಒಂದೇ ಕೋಶ ಮುಚ್ಚಿದರೂ ಒಳಗಿನ ಬೈಪಾಸ್ ಡಯೋಡ್ ಆ ಸಾಲನ್ನು ಬದಿಗಿಡುತ್ತದೆ, ಪ್ಯಾನೆಲ್‌ನ ಮೂರನೇ ಒಂದು ಭಾಗ ಹೋದ ಹಾಗೆ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದ್ದರೆ ಸಿಮೆಂಟಿನ ಧೂಳು, ಅದು ಮುಗಿದ ಮೇಲೆ ಅದರ ನೆರಳು. ಬೆಳಿಗ್ಗೆ ಎಂಟರೊಳಗೆ ಮೆತ್ತನೆಯ ಬ್ರಷ್‌ನಿಂದ ತೊಳೆಸಿ. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು, ಬೋರ್‌ವೆಲ್ ನೀರು ಬಿಳಿ ಪೊರೆ ಕಟ್ಟುತ್ತದೆ. ಬಿಸಿಯೂ ಕಳ್ಳನೇ: 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.35 ಇಳಿಯುತ್ತದೆ. ಮೇ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟಿದರೆ ಶೇ. 12 ಅಲ್ಲೇ ಖೋತಾ. ಆದರೆ ಅದು ಪ್ರತಿ ಬೇಸಿಗೆಯ ಪಾಡು. ಈ ವರ್ಷವಷ್ಟೇ ಇಳಿದಿದ್ದರೆ ನೆರಳು ಮತ್ತು ಕೊಳೆಯನ್ನೇ ಮೊದಲು ಹಿಡಿಯಿರಿ.

ಸೌರ ಬಿರುಗಾಳಿ ಬಂದರೆ ಸಮುದ್ರದ ಮೇಲೆ ಹವೆ ಕೆಡುತ್ತದೆಯೇ? — ಮಡಗಾಂವ್‌ನಿಂದ ಒಬ್ಬ ಬೋಟ್ ಮಾಲೀಕರು

ಹೆಸರಲ್ಲಿ ಗಾಳಿ ಇದೆ ಅಷ್ಟೇ, ಅದು ಸೂರ್ಯ ಚಿಮ್ಮಿಸುವ ವಿದ್ಯುತ್ ಕಣಗಳ ಹೊಡೆತ. ಅದರ ಆಟವೆಲ್ಲ ನಮ್ಮ ಮೇಲೆ ನೂರು ಕಿ.ಮೀ.ಗೂ ಎತ್ತರದಲ್ಲಿ. ಮಳೆ, ಅಲೆ, ಚಂಡಮಾರುತಕ್ಕೆ ಸಂಬಂಧವಿಲ್ಲ. ಕೆಡುವುದು ಜಿಪಿಎಸ್ ಮತ್ತು ದೂರದ ರೇಡಿಯೊ. ನಮ್ಮ ಅಕ್ಷಾಂಶದಲ್ಲಿ ಬಿರುಗಾಳಿ ಇಲ್ಲದಿದ್ದರೂ, ಸೂರ್ಯ ಚುರುಕಾಗಿರುವ ವರ್ಷಗಳ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸಂಜೆ ಏಳರಿಂದ ನಡುರಾತ್ರಿಯವರೆಗೆ ಉಪಗ್ರಹ ಸಂಕೇತ ಮಿನುಗಿ ಕಡಿದುಹೋಗುವುದುಂಟು. ಆ ಹೊತ್ತಿಗೆ ಬಂಡೆಗಳಿರುವ ಜಾಗದಲ್ಲಿ ಪರದೆಯ ಚುಕ್ಕೆಯೊಂದನ್ನೇ ನೆಚ್ಚಿ ದೋಣಿ ನಡೆಸಬೇಡಿ.

ದಿಕ್ಸೂಚಿಯ ಬಗ್ಗೆ ಭಯ ಬೇಡ. 1859ರ ಸೆಪ್ಟೆಂಬರಿನಲ್ಲಿ ದಾಖಲಾದ ಮಹಾ ಸೌರ ಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯ ಭೂಮಿಯ ಕಾಂತಬಲದಲ್ಲಿ ಸುಮಾರು 1600 ನ್ಯಾನೋಟೆಸ್ಲಾ (ಕಾಂತಬಲ ಅಳೆಯುವ ಮಾನ) ಇಳಿತ ಕಂಡಿತು. ಅಷ್ಟಿದ್ದರೂ ಅದು ಇಲ್ಲಿನ ಭೂಕಾಂತ ಬಲದ ಶೇ. 4–5 ಅಷ್ಟೇ. ಟ್ರಾಮ್‌ಗಳಿಗೆ ವಿದ್ಯುತ್ ಬಂದರೆ ಸೂಕ್ಷ್ಮ ಅಳತೆ ಕೆಡುತ್ತದೆಂದು ಆ ಕೆಲಸವನ್ನು 1904ರಲ್ಲಿ ಅಲಿಬಾಗ್‌ಗೆ ಸಾಗಿಸಿದರು, ಈಗಲೂ ಅಲ್ಲಿ ನಡೆಯುತ್ತಿದೆ. ನಿಮ್ಮ ಬೋಟಿನ ದಿಕ್ಸೂಚಿಯನ್ನು ಸೂರ್ಯನಿಗಿಂತ ಹೆಚ್ಚು ಅಲುಗಿಸುವುದು ಪಕ್ಕದಲ್ಲಿಟ್ಟ ಮೊಬೈಲ್ ಮತ್ತು ಸ್ಪೀಕರ್. ಅವನ್ನು ಒಂದು ಮೀಟರ್ ದೂರವಿಡಿ.